ಬದಿಗಿಟ್ಟ ಬಡಿತಗಳು

ಫೆಬ್ರವರಿ ೪

ಪ್ರೀತಿಯ ಅಕ್ಕ,

ಫೋನು ಮಾಡಲಿಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಇಲ್ಲಿ ಸೈಟಿನ ಗೇಟಿನಲ್ಲೇ ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಸಂಜೆ ಕೋಣೆಗೆ ಬಂದರೆ ಐದು ಜನ, ಐದು ಫೋನು, ಐದು ಥರದ ಕೂಗಾಟ. ಅದಕ್ಕೇ ಇನ್ನು ಮುಂದೆ ಕಾಗದ. ನಗಬೇಡ. ಶಾಲೆಗೆ ನನ್ನ ರಜಾ ಚೀಟಿಗಳನ್ನೆಲ್ಲ ನಾನೇ ಬರೆದು ಅಪ್ಪನ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಬರವಣಿಗೆ ನನಗೆ ಹೊಸದೇನಲ್ಲ.

ಈ ಸಲ ಸಿಕ್ಕಿರುವುದು ಹೊಸ ಕ್ರೇನು. ಗೋಪುರದ ತುದಿಯಲ್ಲಿ ಗಾಜಿನ ಡಬ್ಬಿ, ಡಬ್ಬಿಯೊಳಗೆ ಕುರ್ಚಿ, ಕುರ್ಚಿಯಲ್ಲಿ ನಿನ್ನ ತಮ್ಮ. ಎರಡು ಕೈಗೂ ಒಂದೊಂದು ಹಿಡಿಕೆ. ಕೈ ಬಿಟ್ಟರೆ ಹಿಡಿಕೆ ತಾನಾಗಿ ನಡುವಿಗೆ ಬಂದು ಕ್ರೇನು ನಿಂತುಬಿಡುತ್ತದೆ. ಕೆಳಗೆ ನಿಂತು ಸನ್ನೆ ಮಾಡುವವನಿಗೆ ಎಲ್ಲರೂ ಸೀಟಿಯಣ್ಣ ಎನ್ನುತ್ತಾರೆ. ಕುತ್ತಿಗೆಯಲ್ಲಿ ಸೀಟಿ, ಕೈಗೆ ಹಳದಿ ಗವಸು. ಅವನ ಕೈ ಹೇಗೆ ಆಡುತ್ತದೋ ಹಾಗೆ ನಾನು ಭಾರ ಎತ್ತುವುದು, ಇಳಿಸುವುದು.

ಮೇಲೆ ಹತ್ತುವುದೇ ಒಂದು ರಗಳೆ. ಏಣಿಯ ನಡುವೆ ಅಲ್ಲಲ್ಲಿ ನಿಲ್ಲಲು ಕಟ್ಟೆಗಳಿವೆ. ನಾನು ಪ್ರತಿ ಕಟ್ಟೆಯಲ್ಲೂ ಕೂತು ಊರು ನೋಡಿ ಮುಂದೆ ಹೋಗುತ್ತೇನೆ. "ಏನಪ್ಪಾ, ತುಂಬು ಬಸುರಿ ಥರ ಹತ್ತುತ್ತೀಯಲ್ಲ" ಎಂದು ಸೀಟಿಯಣ್ಣ ಕೆಳಗಿಂದ ಕಿಚಾಯಿಸುತ್ತಾನೆ.

ನಾನೆಷ್ಟು ಎತ್ತರದಲ್ಲಿದ್ದೇನೆಂದು ಅಮ್ಮನಿಗೆ ಹೇಳಬೇಡ. ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಅಪ್ಪ ಎರಡಾಳೆತ್ತರದ ಏಣಿಯಿಂದ ಬಿದ್ದು ತೀರಿಹೋದವನು. ನನ್ನ ಎತ್ತರ ಕೇಳಿದರೆ ಅವಳು ಊಟ ಬಿಡುತ್ತಾಳೆ. ಚಿಕ್ಕಪ್ಪ ಈಗಲೂ ಬಂದು ಬಾಗಿಲಲ್ಲೇ ನಿಂತು ಹೋಗುತ್ತಾನೆಯೇ?

ನಿನ್ನ ಕೋತಿ


ಫೆಬ್ರವರಿ ೧೫

ಕೋತಿ,

ನಿನ್ನ ಕಾಗದ ಬಂತು. ಅಮ್ಮ ಕವರನ್ನು ಮೂಗಿಗೆ ಹಿಡಿದು, "ಸಿಗರೇಟು ವಾಸನೆ ಇಲ್ಲ" ಎಂದು ತೀರ್ಪು ಕೊಟ್ಟ ಮೇಲೆಯೇ ನನ್ನ ಕೈಗೆ ಕೊಟ್ಟಳು.

ಚಿಕ್ಕಪ್ಪ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾನೆ. ಹೊಸ್ತಿಲಾಚೆ ನಿಂತು ಹಣ್ಣಿನ ಚೀಲ ಕೊಡುತ್ತಾನೆ. ಅಮ್ಮ ಚೀಲ ತೆಗೆದುಕೊಳ್ಳುತ್ತಾಳೆ, ಒಳಗೆ ಬಾ ಎನ್ನುವುದಿಲ್ಲ. ಅವತ್ತು ಅಪ್ಪನ ಏಣಿ ಹಿಡಿದುಕೊಂಡಿದ್ದವನು ಅವನಲ್ಲವೇ. ಇಷ್ಟು ವರ್ಷವಾದರೂ ಅವಳು ಅದನ್ನು ಮನಸ್ಸಿನಿಂದ ತೆಗೆದಿಲ್ಲ.

ನಮ್ಮ ಆಸ್ಪತ್ರೆಯ ಸುದ್ದಿ ಕೇಳು. ಎಂಆರ್‌ಐ ಯಂತ್ರಕ್ಕೆ ಹೃದಯದ ಚಲನೆ ನೋಡುವ ಹೊಸ ಪ್ರೋಗ್ರಾಂ ಹಾಕಿದರು. ಅದನ್ನು ಪರೀಕ್ಷಿಸಲು ಒಂದು ಜೀವಂತ ಹೃದಯ ಬೇಕು. ರೋಗಿಗಳನ್ನು ಹಾಗೆ ಬಳಸುವಂತಿಲ್ಲ. ಹಾಗಾಗಿ ಯಂತ್ರ ನಡೆಸುವ ನಾವೇ ಸರದಿಯಲ್ಲಿ ಮಲಗುತ್ತೇವೆ. ಈ ಸಲ ಸರದಿ ನನ್ನದು. ಇಷ್ಟು ವರ್ಷ ಮೈಕಿನಲ್ಲಿ "ಉಸಿರು ಬಿಡಿ, ಹಾಗೇ ಹಿಡಿದಿಡಿ" ಎಂದು ಊರಿಗೆಲ್ಲ ಹೇಳಿದವಳು ಮೊದಲ ಸಲ ಹೇಳಿಸಿಕೊಂಡೆ.

ಹೊಸ ಪ್ರೋಗ್ರಾಂನಲ್ಲಿ ಹೃದಯದ ಮೇಲೆ ಕಪ್ಪು ಗೆರೆಗಳು ಬೀಳುತ್ತವೆ, ಚೌಕುಳಿ ಬಟ್ಟೆ ಹೊದಿಸಿದಂತೆ. ಹೃದಯ ಹಿಂಡಿಕೊಂಡಾಗ ಚೌಕಗಳು ಮುದುಡುತ್ತವೆ, ಸಡಿಲವಾದಾಗ ಬಿಚ್ಚಿಕೊಳ್ಳುತ್ತವೆ. ಗೆರೆ ಎಲ್ಲಿ ಮುದುಡದೆ ನೆಟ್ಟಗೆ ನಿಲ್ಲುತ್ತದೋ ಅಲ್ಲಿನ ಸ್ನಾಯು ಕೆಲಸ ಮಾಡುತ್ತಿಲ್ಲವೆಂದು ಅರ್ಥ. ನನ್ನ ಚಿತ್ರ ಬಹಳ ಸ್ಪಷ್ಟವಾಗಿ ಬಂದಿದೆ ಎಂದು ಇಂಜಿನಿಯರು ಹೊಗಳಿದರು.

ಅಂದಹಾಗೆ, ನಮ್ಮ ಹೃದಯದ ಡಾಕ್ಟರಮ್ಮ ಒಡಹುಟ್ಟಿದವರ ಹೃದಯಗಳನ್ನು ಹೋಲಿಸಿ ನೋಡುತ್ತಿದ್ದಾರೆ. ನೀನೂ ಒಂದು ತೆಗೆಸಿ ಕಳಿಸು. ನಿನ್ನಲ್ಲಿಂದ ಬಸ್ಸಿಗೆ ಹೋಗುವಷ್ಟು ದೂರದಲ್ಲಿ ಒಂದು ಸ್ಕ್ಯಾನ್ ಸೆಂಟರ್ ಇದೆ, ವಿಚಾರಿಸಿದ್ದೇನೆ. ಡಾಕ್ಟರಮ್ಮನ ಚೀಟಿ ಇದರ ಜೊತೆಗಿದೆ. ಸುಮ್ಮನೆ, ಹೋಲಿಕೆಗಷ್ಟೆ.

ಅಕ್ಕ


ಮಾರ್ಚ್ ೩

ಅಕ್ಕ,

ನನಗೆ ಹೃದಯ ಇದೆಯೋ ಇಲ್ಲವೋ ಎಂದು ನಿನಗೆ ಮೊದಲಿಂದಲೂ ಅನುಮಾನ. ಈಗ ಫೋಟೋ ಸಮೇತ ಸಾಕ್ಷಿ ಬೇಕೇ? ಮೂಗು ನೋಡಿದರೆ ಗೊತ್ತಾಗುವುದಿಲ್ಲವೇ ನಾವು ಒಡಹುಟ್ಟಿದವರೆಂದು? ಇಲ್ಲಿ ರಜೆ ಕೇಳಿದರೆ ಸೂಪರ್‌ವೈಸರು ಕಣ್ಣು ಕೆಂಪಗೆ ಮಾಡುತ್ತಾನೆ. ನಿನ್ನ ಡಾಕ್ಟರಮ್ಮನಿಗೆ ಬೇರೆ ಯಾರಾದರೂ ತಮ್ಮ ಸಿಗಲಿ.

ಮೊನ್ನೆ ಒಂದು ತಮಾಷೆಯಾಯಿತು. ಮಧ್ಯಾಹ್ನದ ಬಿಸಿಲು, ಗಾಜಿನ ಡಬ್ಬಿ, ಕೊಕ್ಕೆಯಲ್ಲಿ ಕಬ್ಬಿಣದ ಕಂಬಿಗಳ ಕಟ್ಟು. ಕಣ್ಣು ಯಾವಾಗ ಮುಚ್ಚಿತೋ ತಿಳಿಯದು. ಸೀಟಿಯ ಸದ್ದಿಗೆ ಎಚ್ಚರವಾಯಿತು. ಕಟ್ಟು ನಡುಗಾಳಿಯಲ್ಲಿ ಸುಮ್ಮನೆ ತೂಗುತ್ತಿತ್ತು, ಸೀಟಿಯಣ್ಣ ಕೆಳಗೆ ಕುಣಿಯುತ್ತಿದ್ದ. ಇಳಿದ ಮೇಲೆ, "ಮೇಲೆ ಮಲಗೋಕೆ ಹೋಗ್ತೀಯಾ? ನನ್ನ ತಲೆ ಮೇಲೆ ಇಳಿಸಿದ್ರೆ ನಿಮ್ಮಪ್ಪ ಬರ್ತಾನಾ?" ಎಂದು ಎಲ್ಲರೆದುರು ಬೈದ. ನಾನೂ ಎಲ್ಲರ ಜೊತೆ ನಕ್ಕುಬಿಟ್ಟೆ.

ಅಮ್ಮನಿಗೆ ಈ ಭಾಗ ಓದಿ ಹೇಳಬೇಡ.

ಕೋತಿ


ಮಾರ್ಚ್ ೧೦

ಕೋತಿ,

ತಮಾಷೆಯಂತೆ! ನಿನಗೆ ಬುದ್ಧಿ ಬರುವುದು ಯಾವಾಗ? ರಾತ್ರಿಯೆಲ್ಲ ಫೋನಿನಲ್ಲಿ ಹಾಳುಮೂಳು ನೋಡುತ್ತಾ ಕೂತರೆ ಹಗಲು ಕಣ್ಣು ಎಳೆಯದೆ ಇನ್ನೇನಾಗುತ್ತದೆ? ಎಷ್ಟು ಜನ ಓಡಾಡುತ್ತಾರೋ ಆ ಕೊಕ್ಕೆಯ ಕೆಳಗೆ! ಬೇಗ ಮಲಗು. ಹೊಟ್ಟೆ ತುಂಬ ತಿನ್ನು.

ಮತ್ತು ಸ್ಕ್ಯಾನ್ ಮಾಡಿಸು. ಹೋಲಿಕೆಗೆ ಬೇಡ, ನನಗೋಸ್ಕರ ಮಾಡಿಸು. ಯಾಕೆ ಎಂದು ಕೇಳಬೇಡ. ಚಿಕ್ಕವನಿದ್ದಾಗ ನೀನು ಕೇಳಿದ್ದನ್ನೆಲ್ಲ ಯಾಕೆ ಎನ್ನದೆ ಕೊಟ್ಟಿದ್ದೇನೆ.

ಅಕ್ಕ


ಏಪ್ರಿಲ್ ೬

ಅಕ್ಕ,

ಹಟ ಗೆದ್ದೆಯಲ್ಲ, ಈಗ ತಣ್ಣಗಿರು. ಹೋಗಿಬಂದೆ.

ಬೆಲ್ಟು, ಗಡಿಯಾರ, ಬೀಗದ ಕೈ, ಎಲ್ಲವನ್ನೂ ಕಿತ್ತುಕೊಂಡು, ಹಿಂದೆ ಗಂಟು ಹಾಕುವ ಒಂದು ಅಂಗಿ ಕೊಟ್ಟರು. ಎದೆಗೆ ತಂತಿಗಳನ್ನು ಅಂಟಿಸಿ ಕೊಳವೆಯೊಳಗೆ ತಳ್ಳಿದರು. ಒಳಗೆ ಎಂಥ ಸದ್ದು! ನಮ್ಮ ಸೈಟಿನ ಡ್ರಿಲ್ಲಿಂಗು ಜೋಗುಳ ಅನಿಸಿತು. ಮೈಕಿನಲ್ಲಿ ಒಬ್ಬಳು ನಿನ್ನದೇ ಪಾಠ ಒಪ್ಪಿಸುತ್ತಿದ್ದಳು, ಉಸಿರು ಬಿಡಿ, ಹಿಡಿದಿಡಿ. ಬಿಡಿ ಎಂದವಳು ಮತ್ತೆ ತೆಗೆದುಕೊಳ್ಳಿ ಎನ್ನುವುದನ್ನು ಮರೆತೇಬಿಟ್ಟಳೇನೋ ಅನಿಸುತ್ತಿತ್ತು. ಕಣ್ಣ ಮುಂದೆ ನಕ್ಷತ್ರ ಬಂದವು. "ನಿಮ್ಮ ಹೃದಯ ಸ್ವಲ್ಪ ತುಂಟತನ ಮಾಡ್ತಿದೆ, ಚಿತ್ರ ಕೆಡ್ತಿದೆ. ಇರಿ, ಸರಿ ಮಾಡ್ಕೋತೀನಿ" ಎಂದಳು. ಆಮೇಲೆ ಇನ್ನೂ ಉದ್ದ ಹಿಡಿಸಿದಳು. ಕೊನೆಗೆ "ಈಗ ಚಂದ ಬಂತು" ಎಂದಳು.

ಸೂಜಿ ಚುಚ್ಚಿ ಏನೋ ಔಷಧಿ ಹಾಕಿ ಇನ್ನೊಂದು ಸುತ್ತು ತೆಗೆಯಬೇಕು ಎಂದರು. ಕೊನೆಯ ಬಸ್ಸು ತಪ್ಪುತ್ತದೆಂದು ನಾನು ಬೇಡವೆಂದು ಎದ್ದು ಬಂದೆ. ಚಲನೆ ಚೆನ್ನಾಗಿದೆ, ಹಿಂಡುವ ಶಕ್ತಿ ಸರಿಯಾಗಿದೆ ಎಂದು ವರದಿಯಲ್ಲಿದೆ. ಸಿ.ಡಿ. ಇಟ್ಟಿದ್ದೇನೆ. ನೋಡು, ನೋಡಿ ಹೊಟ್ಟೆ ಉರಿದುಕೋ.

ಗಟ್ಟಿ ಗುಂಡಿಗೆಯ ಕೋತಿ


ಏಪ್ರಿಲ್ ೧೪

ನನ್ನ ಬಂಗಾರದ ಕೋತಿ,

ನೋಡಿದೆ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ಮತ್ತೆ ಮತ್ತೆ ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತೆ. ಎಷ್ಟು ಚೆಂದ ಬಡಿಯುತ್ತದೆ! ಎಲ್ಲೂ ತಡೆಯಿಲ್ಲ, ಎಲ್ಲೂ ಸೋಮಾರಿತನವಿಲ್ಲ. ಒಡೆಯನಿಗಿಂತ ಎಷ್ಟೋ ಮೇಲು.

ಮನೆಗೆ ತಂದು ಅಮ್ಮನಿಗೂ ತೋರಿಸಿದೆ. ಮೊದಲು ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ಇದು ಅವನದೇನಾ? ಈಗಲೂ ಹೀಗೇ ಹೊಡ್ಕೊಳ್ತಾ ಇದೆಯಾ?" ಎಂದಳು. ಹೂಂ ಎಂದೆ. ನಿಲ್ಲಿಸಬೇಡ, ಓಡ್ತಾ ಇರಲಿ ಎಂದು ಅದರ ಮುಂದೆಯೇ ಕೂತು ಬಟ್ಟೆ ಮಡಚಿದಳು.

ಸೂಜಿಯ ಸುತ್ತು ಬಿಟ್ಟದ್ದು ತಪ್ಪೇ. ಆದರೂ ಇವತ್ತು ಬೈಯುವುದಿಲ್ಲ.

ಅಕ್ಕ


ಏಪ್ರಿಲ್ ೨೨

ತಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇದನ್ನು ಕೆಳಗೇ ಕೂತು ಓದು.

ನಿನ್ನೆ ನನ್ನ ಯಂತ್ರದಲ್ಲಿ ಒಬ್ಬ ಹಿರಿಯರು ಮಲಗಿದ್ದರು. ಅವರ ಬಡಿತ ಹದ ತಪ್ಪುತ್ತಿತ್ತು, ಚಿತ್ರ ಕಲಸಿಹೋಗುತ್ತಿತ್ತು. ಹದ ತಪ್ಪಿದ ಬಡಿತಗಳನ್ನು ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳುವ ಒಂದು ಗುಂಡಿಯಿದೆ, ಒತ್ತಿದೆ. ಚಿತ್ರ ಚೊಕ್ಕವಾಯಿತು. ಹೊರಬಂದ ಅವರು, "ಏನಮ್ಮಾ, ಉಸಿರು ಬಿಡಿ ಅಂದವಳು ಮತ್ತೆ ತಗೊಳ್ಳಿ ಅನ್ನೋದನ್ನೇ ಮರೆತ್ಯಾ?" ಎಂದರು. ಅದು ನಿನ್ನ ಮಾತು.

ಸಿನಿಮಾದಂತೆ ಓಡುವ ಆ ಚಿತ್ರದಲ್ಲಿ ಕಾಣುವುದು ಒಂದು ಬಡಿತವಲ್ಲ. ಒಂದು ಬಡಿತದಿಂದ ಒಂದು ಚೂರು, ಇನ್ನೊಂದರಿಂದ ಇನ್ನೊಂದು ಚೂರು, ಹೀಗೆ ಹಲವು ಬಡಿತಗಳಿಂದ ಆಯ್ದು ಯಂತ್ರ ಒಂದನ್ನು ಹೊಲಿಯುತ್ತದೆ. ಹದ ತಪ್ಪಿದ್ದನ್ನು ಬದಿಗಿಟ್ಟು, ಒಳ್ಳೆಯದು ಬರುವವರೆಗೆ ಕಾಯುತ್ತದೆ. ಅದಕ್ಕೇ ಉಸಿರು ಅಷ್ಟು ಹೊತ್ತು ಹಿಡಿಯಬೇಕಾಗುವುದು. ನಮ್ಮ ಕಸುಬಿನಲ್ಲಿ ಇದು ಮೋಸವಲ್ಲ, ಜಾಣತನ. ಆದರೆ ಬಹಳ ಬಡಿತ ಬಿಟ್ಟಿದ್ದೇವೆಂದು ಬರೆದು ತಿಳಿಸಬೇಕು. ನಿನ್ನ ಸ್ಕ್ಯಾನ್ ತೆಗೆದ ಹುಡುಗಿ ತಿಳಿಸಿಲ್ಲ. ನಾನು ಹುಡುಕಲಿಲ್ಲ. ಬೇರೆಯವರ ಹೃದಯವಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ. ನಿನ್ನದು ಚೆಂದ ಕಂಡಿತು, ಅಷ್ಟಕ್ಕೇ ಮರುಳಾದೆ.

ನಿನ್ನೆ ಸಿ.ಡಿ.ಯ ಒಳಗಿನ ವಿವರಗಳನ್ನೆಲ್ಲ ತೆಗೆದು ನೋಡಿದೆ. ಹೆಚ್ಚುಕಡಿಮೆ ಅರ್ಧದಷ್ಟು ಬಡಿತಗಳನ್ನು ಬದಿಗಿಟ್ಟಿದ್ದಾರೆ. ನಾನು ಕೂತು ಅತ್ತೆನಲ್ಲ, ಅಮ್ಮ ಎದುರಿಗೆ ಬಟ್ಟೆ ಮಡಚಿದಳಲ್ಲ, ಅಂಥ ಬಡಿತ ನಿನ್ನ ಎದೆಯಲ್ಲಿ ಒಂದು ಸಲವೂ ಬಡಿದಿಲ್ಲ.

ಆಮೇಲೆ ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಪ್ರತಿ ಕಟ್ಟೆಯಲ್ಲಿ ಕೂತು ನೀನು ಊರು ನೋಡುತ್ತಿರಲಿಲ್ಲ. ಆ ಮಧ್ಯಾಹ್ನ ನಿನಗೆ ಬಂದದ್ದು ನಿದ್ದೆಯಲ್ಲ. ಗೇಟಿನಲ್ಲಿ ಫೋನು ತೆಗೆದಿಡುವ ಕಥೆಯೂ ಕಟ್ಟುಕಥೆ. ದಿನವಿಡೀ ಜನರ ಉಸಿರು ಕೇಳುವವಳು ನಾನು. ನೀನು ಫೋನಿನಲ್ಲಿ ಎರಡು ಮಾತಾಡಿದ್ದರೆ ಮೂರನೆಯದಕ್ಕೆ ನಿನ್ನ ಏದುಸಿರನ್ನು ಕಂಡುಹಿಡಿಯುತ್ತಿದ್ದೆ. ಅದಕ್ಕೇ ಕಾಗದ, ಅಲ್ಲವೇ?

ಅಪ್ಪನ ಬಗ್ಗೆ ಈಗ ನನಗೆ ಬೇರೆಯೇ ಯೋಚನೆ. ಬಿದ್ದದ್ದರಿಂದ ಅಪ್ಪನ ಹೃದಯ ನಿಂತಿತೋ, ಹೃದಯ ನಿಂತದ್ದರಿಂದ ಬಿದ್ದನೋ? ಇಂಥದ್ದು ಮನೆತನದಲ್ಲಿ ಹರಿದು ಬರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ಹೃದಯದ ಸ್ನಾಯುವಿನಲ್ಲಿ ಗಾಯದ ಕಲೆಯಂಥದ್ದು ಕಟ್ಟಿಕೊಳ್ಳುತ್ತದೆ. ಅದು ಕಾಣುವುದು ಆ ಸೂಜಿಯ ಔಷಧಿ ಹಾಕಿದಾಗ ಮಾತ್ರ.

ಇನ್ನು ಹತ್ತಬೇಡ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಇಳಿದುಬಿಡು.

ಅಕ್ಕ


ಮೇ ೨

ತಮ್ಮಾ,

ಒಂದು ಸಾಲು ಬರೆ. ಬೈದು ಬರೆದರೂ ಸರಿ. ನಿನ್ನ ಸೈಟಿನ ಆಫೀಸಿಗೆ ಎರಡು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಅಮ್ಮ ಇನ್ನೂ ದಿನಾ ಆ ಚಿತ್ರ ಹಾಕು ಎನ್ನುತ್ತಾಳೆ. ಹಾಕುತ್ತೇನೆ. ಪಕ್ಕದಲ್ಲಿ ನಿಲ್ಲಲು ಆಗುವುದಿಲ್ಲ.

ಅಕ್ಕ


ಮೇ ೧೧

ಅಕ್ಕ,

ಇದನ್ನು ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಾನೇ ನಡೆದು ಬಂದು ಮಲಗಿದ್ದು.

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಅದನ್ನು ಜೇಬಿಗೆ ತುರುಕಿ ಮರುದಿನ ಮತ್ತೆ ಹತ್ತಿದೆ. ಅದರ ಮರುದಿನವೂ. ನನಗೆ ಗೊತ್ತಿರುವುದು ಇದೊಂದೇ ಕೆಲಸ ಅಕ್ಕ. ಕೆಳಗಿಳಿದರೆ ನಾನು ಯಾರು? ಮೇಲೆ ಕೂತರೆ ಇಡೀ ಕಟ್ಟಡ ನನ್ನ ಬೆರಳು ನೋಡುತ್ತಿರುತ್ತದೆ. ನೀನು ಹೇಳಿದ್ದೆಲ್ಲ ನಿಜ. ಫೋನಿನದೂ ನಿಜ. ತಿಂಗಳುಗಳಿಂದ ಹೀಗೇ ಇದೆ.

ನಾಲ್ಕನೆಯ ತಾರೀಕು ಮತ್ತೆ ಕತ್ತಲೆ ಕವಿಯಿತು. ಕೊಕ್ಕೆಯಲ್ಲಿ ಕಾಂಕ್ರೀಟಿನ ಬಕೆಟ್ಟು, ಕೆಳಗೆ ಜನ. ಕೈ ಜಾರಿ ಹಿಡಿಕೆ ನಡುವಿಗೆ ಬಂದು ಕ್ರೇನು ಥಟ್ಟನೆ ನಿಂತಿತು. ಬಕೆಟ್ಟು ಜೋರಾಗಿ ಓಲಾಡಿ ಹೊಸ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಗೋಡೆ ಹೋಯಿತು, ಅಷ್ಟೆ.

ನಾನು ತಡವರಿಸಿಕೊಂಡು ಇಳಿದು ಬರುವಷ್ಟರಲ್ಲಿ ಸೂಪರ್‌ವೈಸರು ಸೀಟಿಯಣ್ಣನ ಮೇಲೆ ಎಗರುತ್ತಿದ್ದ. "ಏನ್ ಸನ್ನೆ ಮಾಡ್ದೆ ನೀನು? ಕಣ್ಣು ಎಲ್ಲಿತ್ತು?" ಸೀಟಿಯಣ್ಣ ಹಳದಿ ಗವಸು ಕಳಚಿ ಕೈಯಲ್ಲಿ ಹಿಡಿದುಕೊಂಡು, "ಸರಿಯಾಗೇ ಮಾಡ್ದೆ ಸಾರ್" ಎಂದ. ಯಾರೂ ನಂಬಲಿಲ್ಲ. ಅವನು ಇನ್ನೊಂದು ಸಲ ಅದನ್ನೇ ಹೇಳಿದ, ಆಗ ದನಿ ಇಳಿದಿತ್ತು. ಮೂರನೆಯ ಸಲ ಹೇಳದೆ ತಲೆ ತಗ್ಗಿಸಿಬಿಟ್ಟ. ಆ ತಲೆ ತಗ್ಗಿಸಿದ ರೀತಿ ನೋಡಿದೆ ಅಕ್ಕ. ನಮ್ಮ ಹೊಸ್ತಿಲಾಚೆ ಹಣ್ಣಿನ ಚೀಲ ಹಿಡಿದು ನಿಲ್ಲುತ್ತಾನಲ್ಲ, ಅವನೇ.

"ಅವನದೇನೂ ತಪ್ಪಿಲ್ಲ, ನಂಗೆ ಪ್ರಜ್ಞೆ ತಪ್ಪಿತ್ತು. ಇದು ಮೊದಲ್ನೇ ಸಲ ಅಲ್ಲ" ಎಂದು ಎಲ್ಲರೆದುರು ಹೇಳಿದೆ. ಬರೀ ನನ್ನ ಜೀವದ ಮಾತಾಗಿದ್ದರೆ ಇನ್ನೂ ಎಷ್ಟು ದಿನ ಹತ್ತುತ್ತಿದ್ದೆನೋ. ನಾನು ಸತ್ತಿದ್ದರೆ ಉಳಿದ ಆಯಸ್ಸೆಲ್ಲ ಸೀಟಿಯಣ್ಣನೂ ಚಿಕ್ಕಪ್ಪನಂತೆ ಯಾರದೋ ಬಾಗಿಲಲ್ಲಿ ನಿಲ್ಲಬೇಕಿತ್ತು. ಸೀಟಿಯಣ್ಣನೇ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಬೈಯುತ್ತಿದ್ದ, ಕೈ ಮಾತ್ರ ಬಿಡಲಿಲ್ಲ.

ಸೂಜಿಯ ಸುತ್ತು ಆಯಿತು. ಕಲೆ ಇದೆ. ಎದೆಯ ಚರ್ಮದ ಕೆಳಗೆ ಪುಟ್ಟ ಯಂತ್ರವೊಂದನ್ನು ಇಡುತ್ತಾರಂತೆ, ಬಡಿತ ದಾರಿ ತಪ್ಪಿದರೆ ಒದ್ದು ಸರಿಮಾಡುತ್ತದಂತೆ. ಕ್ರೇನು ಇನ್ನಿಲ್ಲ. ಈ ಸಾಲನ್ನು ಎರಡು ಸಲ ಬರೆದು ಹೊಡೆದುಹಾಕಿದೆ, ಗೀಚು ನೋಡಿ ನಗಬೇಡ.

ಈಗ ನನ್ನದೊಂದು ಪ್ರಶ್ನೆ. ಇಲ್ಲಿನ ಡಾಕ್ಟರು ಮನೆಯವರ ಬಗ್ಗೆ ಕೇಳಿದಾಗ ನಿನ್ನ ಕಾಗದ ನೆನಪಾಯಿತು. ನೀನು ಆ ಚೌಕುಳಿ ಯಂತ್ರದೊಳಗೆ ಮಲಗಿದ್ದು ಮೊದಲು, ನನ್ನ ಬೆನ್ನು ಬಿದ್ದದ್ದು ಆಮೇಲೆ. ಚಿತ್ರ ಸ್ಪಷ್ಟವಾಗಿತ್ತು ಎಂದು ಬರೆದೆ, ಹೃದಯ ಚೆನ್ನಾಗಿತ್ತು ಎಂದು ಬರೆಯಲಿಲ್ಲ. ನನ್ನ ಬಡಿತ ಹುಡುಕಿದೆಯಲ್ಲ, ನೀನು ಬದಿಗಿಟ್ಟದ್ದು ಯಾವುದು? ನನಗೆ ಇಳಿ ಎಂದೆ. ನೀನು ಇಳಿದೆಯಾ?

ತಮ್ಮ


ಮೇ ೧೯

ತಮ್ಮಾ,

ಹೌದು.

ಆ ದಿನ ಪರದೆಯ ಮೇಲೆ ನನ್ನ ಹೃದಯದ ಒಂದು ಮೂಲೆಯಲ್ಲಿ ಗೆರೆಗಳು ಮುದುಡಲಿಲ್ಲ. ಸುತ್ತಲಿನದೆಲ್ಲ ಹಿಂಡಿಕೊಳ್ಳುತ್ತಿದ್ದರೂ ಅವು ಇಸ್ತ್ರಿ ಮಾಡಿದಂತೆ ನೆಟ್ಟಗೆ ನಿಂತಿದ್ದವು. ಇಂಜಿನಿಯರು ಚಿತ್ರ ಹೊಗಳುತ್ತಿದ್ದಾಗ ನಾನು ಆ ಮೂಲೆಯನ್ನೇ ನೋಡುತ್ತಿದ್ದೆ. ಮರುದಿನ ಡಾಕ್ಟರಮ್ಮ ಸೂಜಿಯ ಸುತ್ತು ಮಾಡಿಸಿದರು. ಕಲೆ ನನಗೂ ಇದೆ. ನನಗೂ ಆ ಪುಟ್ಟ ಯಂತ್ರ ಇಡಬೇಕೆಂದರು. ತಮ್ಮನದು ನೋಡಿ ಆಮೇಲೆ ಎಂದು ತಳ್ಳುತ್ತಾ ಬಂದೆ. ನಿನ್ನ ನೆಪ ಸಿಕ್ಕಿತ್ತು. ಆ ಪುಟ್ಟ ಯಂತ್ರವನ್ನು ಎದೆಯಲ್ಲಿಟ್ಟುಕೊಂಡು ದಿನವಿಡೀ ಎಂಆರ್‌ಐನ ಅಯಸ್ಕಾಂತದ ಕೋಣೆಯಲ್ಲಿ ಓಡಾಡಲು ಬಿಡುವುದಿಲ್ಲ. ನನಗೂ ಗೊತ್ತಿರುವುದು ಇದೊಂದೇ ಕೆಲಸ.

ನಿನ್ನ ಕಾಗದ ಓದಿದ ಮರುದಿನ ಆ ಕೋಣೆಯ ಕೀಲಿಯನ್ನು ಹಿಂದಿರುಗಿಸಿದೆ. ಮುಂದಿನ ತಿಂಗಳ ಮೊದಲ ವಾರ ನನ್ನ ಆಪರೇಷನ್. ಭಯವಾಗುತ್ತಿದೆ, ಸುಳ್ಳೇಕೆ ಹೇಳಲಿ. ನಿನ್ನ ಬಗ್ಗೆ ಇನ್ನೂ ಹೆಚ್ಚು ಭಯ. ಯಂತ್ರ ಇಟ್ಟ ಮಾತ್ರಕ್ಕೆ ಕಲೆ ಹೋಗುವುದಿಲ್ಲ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದ್ದು ಒಂದೇ ಮಾತು, "ಹಾಗಾದ್ರೆ ಅವರು ಏಣಿ ಮೇಲೇ ಹೋಗಿಬಿಟ್ಟಿದ್ರಾ?" ಖಂಡಿತವಾಗಿ ಹೇಳಲಾಗದು, ಆದರೆ ಇಬ್ಬರು ಮಕ್ಕಳ ಎದೆಯೂ ಅದನ್ನೇ ಹೇಳುತ್ತಿದೆ ಎಂದೆ.

ಭಾನುವಾರ ಚಿಕ್ಕಪ್ಪ ಬಂದ. ಎಂದಿನಂತೆ ಹೊಸ್ತಿಲಾಚೆ ನಿಂತ. ನಾನು ಅಲ್ಲೇ ನಿಂತು ಅವನಿಗೂ ಎಲ್ಲ ಹೇಳಿದೆ. ಚೀಲ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತಾ ಕೇಳಿದ. ಕೊನೆಗೆ, "ಏಣಿ ಅಲ್ಲಾಡ್ಲಿಲ್ಲ ಪುಟ್ಟಿ. ಅವನೇ ಕೈ ಬಿಟ್ಟ. ಅವತ್ತೇ ಹೇಳ್ದೆ. ಆಮೇಲಾಮೇಲೆ ನನಗೇ ನಂಬಿಕೆ ಹೋಯ್ತು" ಎಂದ.

ಅಮ್ಮ ಒಳಗಿನಿಂದ ಕೇಳಿಸಿಕೊಂಡಳೆಂದು ಕಾಣುತ್ತದೆ. ಮಡಚುವ ಏಣಿಯನ್ನು ಎಳೆದುಕೊಂಡು ನಡುಮನೆಗೆ ಬಂದಳು. "ಮಗ ಬರ್ತಾನೆ, ಅಟ್ಟದ ಮೇಲಿರೋ ಹಾಸಿಗೆ ಇಳಿಸ್ಬೇಕು" ಎಂದಳು. ನಾನು ಹತ್ತುತ್ತೇನೆ ಎಂದೆ. "ನೀನು ಸುಮ್ನಿರು" ಎಂದು ಗದರಿದಳು. ಚಿಕ್ಕಪ್ಪ, "ಅತ್ತಿಗೆ, ನಾನು ಹತ್ತಲಾ?" ಎಂದ, ಆಚೆಯಿಂದಲೇ.

"ಬೇಡ, ನಾನೇ ಹತ್ತುತ್ತೀನಿ" ಎಂದಳು. "ನೀನು ಒಳಗೆ ಬಂದು ಏಣಿ ಹಿಡ್ಕೋ."

ಅವನು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಒಳಗೆ ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಮ್ಮ ಹತ್ತಿ ಹಾಸಿಗೆಯನ್ನು ನನ್ನ ಕಡೆ ತಳ್ಳಿ ನಿಧಾನವಾಗಿ ಇಳಿದು ಬಂದಳು. ಅವಳ ಎರಡು ಕಾಲೂ ನೆಲಕ್ಕೆ ಬಂದ ಮೇಲೂ ಅವನು ಹಿಡಿದೇ ಇದ್ದ. "ಇಳಿದಾಯ್ತು, ಬಿಡು" ಎಂದು ಅಮ್ಮ ಎರಡು ಸಲ ಹೇಳಬೇಕಾಯಿತು.

ಅಕ್ಕ